ನಿಂತ ಚೆಂಡಿನ ಆಟ: ಫುಟ್‌ಬಾಲ್ ಕಲಿಯುವ ಮಕ್ಕಳಿಗೂ ಅವರ ಹಿರಿಯರಿಗೂ



ಭಾನುವಾರ ಬೆಳಿಗ್ಗೆ ದೇಶದ ಯಾವುದೇ ದೊಡ್ಡ ನಗರದ ಮೈದಾನಕ್ಕೆ ಹೋದರೂ ಹತ್ತು ಹನ್ನೆರಡು ವರ್ಷದ ಮಕ್ಕಳು ಫುಟ್‌ಬಾಲ್ ಆಡುತ್ತಿರುವುದು ಕಾಣಸಿಗುತ್ತದೆ. ಚೆಂಡು ಉರುಳುತ್ತಿರುವವರೆಗೆ ಎಲ್ಲ ಮಕ್ಕಳ ಕಣ್ಣೂ ಅದರ ಮೇಲೆಯೇ ಇರುತ್ತದೆ. ರೆಫರಿಯ ಸೀಟಿ ಕೇಳಿಸಿದೊಡನೆ ದೃಶ್ಯ ಬದಲಾಗುತ್ತದೆ. ಒಬ್ಬ ಬಗ್ಗಿ ಬೂಟಿನ ದಾರ ಬಿಗಿದುಕೊಳ್ಳುತ್ತಾನೆ. ಇನ್ನೊಬ್ಬಳು ಗೆರೆಯ ಆಚೆ ನಿಂತ ತಾಯಿಯ ಕಡೆ ನೋಡುತ್ತಾಳೆ. ಮೂವರು ನಾಲ್ವರು ತಪ್ಪು ಯಾರದೆಂದು ವಾದಕ್ಕೆ ತೊಡಗುತ್ತಾರೆ. ಗೋಲ್‌ಕೀಪರ್ ನೀರಿನ ಬಾಟಲಿಯತ್ತ ನಡೆಯುತ್ತಾನೆ. ಅಷ್ಟರಲ್ಲಿ ಎದುರು ತಂಡದ ಚುರುಕು ಹುಡುಗನೊಬ್ಬ ಚೆಂಡನ್ನು ನೆಲದ ಮೇಲಿಟ್ಟು ಒದೆಯುತ್ತಾನೆ. ಚೆಂಡು ಯಾರ ಅಡ್ಡಿಯೂ ಇಲ್ಲದೆ ಗೋಲಿನೊಳಗೆ ಸೇರುತ್ತದೆ. ಸೋತ ಮಕ್ಕಳು "ನಾವಿನ್ನೂ ಸಿದ್ಧರಿರಲಿಲ್ಲ" ಎಂದು ರೆಫರಿಯ ಸುತ್ತ ಸೇರುತ್ತಾರೆ. ಗೆರೆಯಾಚೆ ನಿಂತ ತಂದೆಯರೂ ಹಾಗೆಯೇ ಕೂಗುತ್ತಾರೆ.

ಆ ಮಕ್ಕಳು ಓಟದಲ್ಲಿ ಹಿಂದೆ ಬಿದ್ದವರಲ್ಲ, ಒದೆಯಲು ಬಾರದವರೂ ಅಲ್ಲ. ಚೆಂಡು ನಿಂತಾಗ ಆಟವೂ ನಿಂತಿತೆಂದು ಅವರು ಭಾವಿಸಿದರು, ಅಷ್ಟೆ. ಫುಟ್‌ಬಾಲಿನಲ್ಲಿ ಅನೇಕ ಗೋಲುಗಳ ಬೀಜ ಬೀಳುವುದು ಇಂಥ ಕ್ಷಣಗಳಲ್ಲಿಯೇ. ಇಂದಿನ ಭಾಷಣದ ವಿಷಯವೂ ಇದೇ.

ಆಟ ನಿಂತು ಮತ್ತೆ ಆರಂಭವಾಗುವ ಈ ಸಂದರ್ಭಗಳನ್ನು ಒಟ್ಟಾಗಿ ಸೆಟ್ ಪೀಸ್ ಎಂದು ಕರೆಯುವುದು ವಾಡಿಕೆ. ಕನ್ನಡದಲ್ಲಿ ಇದಕ್ಕೆ ಎಲ್ಲರೂ ಒಪ್ಪಿದ ಪಾರಿಭಾಷಿಕ ಪದ ಇನ್ನೂ ನೆಲೆಗೊಂಡಿಲ್ಲ. ಪತ್ರಿಕೆಗಳು ಇಂಗ್ಲಿಷ್ ಪದವನ್ನೇ ಬಳಸುತ್ತವೆ. ಮಕ್ಕಳಿಗೆ ಹೇಳುವಾಗ "ನಿಂತ ಚೆಂಡಿನ ಆಟ" ಎಂದರೆ ಅರ್ಥ ತಟ್ಟನೆ ತಿಳಿಯುತ್ತದೆ. ಕಿಕ್-ಆಫ್, ಥ್ರೋ-ಇನ್, ಗೋಲ್ ಕಿಕ್, ಕಾರ್ನರ್ ಕಿಕ್, ಫ್ರೀ ಕಿಕ್, ಪೆನಾಲ್ಟಿ ಕಿಕ್ ಎಲ್ಲವೂ ಇದರೊಳಗೆ ಬರುತ್ತವೆ. ಥ್ರೋ-ಇನ್‌ನಲ್ಲಿ ಚೆಂಡು ಕೈಯಲ್ಲಿರುತ್ತದೆಯೇ ಹೊರತು ನೆಲದ ಮೇಲೆ ನಿಂತಿರುವುದಿಲ್ಲ ಎಂದು ಯಾವನಾದರೂ ಜಾಣ ಹುಡುಗ ಆಕ್ಷೇಪಿಸಿದರೆ ಅವನ ಮಾತೂ ಸರಿಯೇ. ಪದಕ್ಕಿಂತ ಅದರ ಹಿಂದಿರುವ ವಿಚಾರ ಮುಖ್ಯ. ಉರುಳುವ ಚೆಂಡಿನ ಆಟದಲ್ಲಿ ಆಲೋಚನೆಗೆ ಸಮಯ ಸಿಗುವುದಿಲ್ಲ. ನಿಂತ ಚೆಂಡಿನ ಆಟದಲ್ಲಿ ಸಿಗುತ್ತದೆ. ಆದ್ದರಿಂದಲೇ ಗಿಡ್ಡನೆಯ ಹುಡುಗನಿಗೂ ನಿಧಾನವಾಗಿ ಓಡುವ ಹುಡುಗಿಗೂ ಇಲ್ಲಿ ಬಲಿಷ್ಠರ ಸರಿಸಮನಾಗಿ ನಿಲ್ಲುವ ಅವಕಾಶವಿದೆ. ನಿಯಮ ತಿಳಿದಿರಬೇಕು, ತನ್ನ ಸ್ಥಾನ ತಿಳಿದಿರಬೇಕು.

ಇದರ ಮಹತ್ತ್ವವನ್ನು ಅಂಕಿಗಳೇ ಹೇಳುತ್ತವೆ. 2018ರಲ್ಲಿ ರಷ್ಯಾದಲ್ಲಿ ನಡೆದ ವಿಶ್ವಕಪ್ ಪಂದ್ಯಾವಳಿಯಲ್ಲಿ ಒಟ್ಟು 169 ಗೋಲುಗಳು ದಾಖಲಾದವು. ಅವುಗಳಲ್ಲಿ ಹತ್ತರಲ್ಲಿ ನಾಲ್ಕಕ್ಕಿಂತ ಹೆಚ್ಚು ಪಾಲು ನಿಂತ ಚೆಂಡಿನಿಂದ ಹುಟ್ಟಿದವು. ಸೆಮಿಫೈನಲ್ ತಲುಪಿದ ಇಂಗ್ಲೆಂಡ್ ತಂಡ ಗಳಿಸಿದ 12 ಗೋಲುಗಳಲ್ಲಿ 9 ಹೀಗೆ ಬಂದವು. ದೊಡ್ಡವರ ಅಂಕಿಗಳು ಮಕ್ಕಳ ಆಟಕ್ಕೆ ಹಾಗೆಯೇ ಅನ್ವಯಿಸುವುದಿಲ್ಲ. ಆದರೂ ಮಕ್ಕಳ ತರಬೇತಿಯಲ್ಲಿ ಈ ಭಾಗಕ್ಕೆ ಕೊನೆಯ ಐದು ನಿಮಿಷ ಮಾತ್ರ ಸಿಗುವುದು, ಅದೂ ಮಳೆ ಬಂದರೆ ತಪ್ಪಿಹೋಗುವುದು ಸಾಮಾನ್ಯವಾಗಿದೆ.

ಥ್ರೋ-ಇನ್ ಮೊದಲು. ಮಕ್ಕಳ ಪಂದ್ಯದಲ್ಲಿ ಅತ್ಯಂತ ಹೆಚ್ಚು ಬಾರಿ ಬರುವುದು ಇದೇ, ಅತ್ಯಂತ ಹೆಚ್ಚು ಬಾರಿ ಕೆಡುವುದೂ ಇದೇ. ಚೆಂಡು ಪಕ್ಕದ ಗೆರೆಯನ್ನು ಪೂರ್ತಿಯಾಗಿ ದಾಟಿದಾಗ, ಅದನ್ನು ಕೊನೆಯಲ್ಲಿ ಮುಟ್ಟಿದ ತಂಡದ ಎದುರಾಳಿಗಳಿಗೆ ಎಸೆಯುವ ಅವಕಾಶ ದೊರೆಯುತ್ತದೆ. ಎಸೆಯುವವರು ಮೈದಾನಕ್ಕೆ ಮುಖಮಾಡಿ ನಿಲ್ಲಬೇಕು. ಎರಡೂ ಪಾದಗಳ ಒಂದಿಷ್ಟು ಭಾಗವಾದರೂ ಗೆರೆಯ ಮೇಲೆ ಅಥವಾ ಗೆರೆಯಾಚೆಯ ನೆಲದ ಮೇಲೆ ಊರಿರಬೇಕು. ಎರಡೂ ಕೈಗಳಿಂದ, ತಲೆಯ ಹಿಂದಿನಿಂದ ತಂದು ತಲೆಯ ಮೇಲಿಂದ ಎಸೆಯಬೇಕು. ಎಳೆಯರು ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. ದೂರ ಎಸೆಯುವ ಹುಮ್ಮಸ್ಸಿನಲ್ಲಿ ಹಿಂದಿನ ಕಾಲು ನೆಲ ಬಿಡುತ್ತದೆ. ಇಲ್ಲವೇ ಚೆಂಡು ತಲೆಯ ಹಿಂದಕ್ಕೆ ಹೋಗದೆ ಹಣೆಯ ಮುಂದಿನಿಂದಲೇ ಹೊರಡುತ್ತದೆ. ಎರಡರಲ್ಲಿ ಯಾವುದಾದರೂ ಆದರೆ ಎಸೆತ ಎದುರು ತಂಡಕ್ಕೆ ಹೋಗುತ್ತದೆ. ಬೆನ್ನನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಕಾಲುಗಳನ್ನು ಅಗಲಿಸಿ ಊರಿ, ಹತ್ತು ಬಾರಿ ನಿಧಾನವಾಗಿ ಎಸೆದು ಅಭ್ಯಾಸ ಮಾಡಿದ ಮಗು ಈ ತಪ್ಪನ್ನು ಮತ್ತೆ ಮಾಡುವುದು ವಿರಳ.

ಥ್ರೋ-ಇನ್‌ನಲ್ಲಿ ಅಡಗಿರುವ ಒಂದು ಅನುಕೂಲ ಅನೇಕ ಹಿರಿಯರಿಗೂ ತಿಳಿದಿಲ್ಲ. ಎಸೆತದಿಂದ ನೇರವಾಗಿ ಚೆಂಡು ಪಡೆಯುವ ಆಟಗಾರನಿಗೆ ಆಫ್‌ಸೈಡ್ ನಿಯಮ ಅನ್ವಯಿಸುವುದಿಲ್ಲ. ಗೋಲ್ ಕಿಕ್ ಮತ್ತು ಕಾರ್ನರ್ ಕಿಕ್‌ಗಳಿಗೂ ಇದೇ ವಿನಾಯಿತಿ ಇದೆ. ಫ್ರೀ ಕಿಕ್‌ಗೆ ಇಲ್ಲ. ಆಫ್‌ಸೈಡ್ ಭಯದಿಂದ ಹಿಂದೆಯೇ ನಿಲ್ಲುವ ಮಗುವಿಗೆ ಇದನ್ನು ಒಮ್ಮೆ ಬಿಡಿಸಿ ಹೇಳಿದರೆ ಸಾಕು, ಮುಂದಿನ ಥ್ರೋ-ಇನ್‌ಗೆ ಅದು ಖಾಲಿ ಜಾಗ ಹುಡುಕಿ ಓಡುತ್ತದೆ. ಎಸೆತದಿಂದ ನೇರವಾಗಿ ಗೋಲು ಗಳಿಸುವಂತಿಲ್ಲ ಎಂಬುದನ್ನೂ, ಬೇರೊಬ್ಬರು ಮುಟ್ಟುವವರೆಗೆ ಎಸೆದವರೇ ಮತ್ತೆ ಚೆಂಡನ್ನು ಮುಟ್ಟುವಂತಿಲ್ಲ ಎಂಬುದನ್ನೂ ಜೊತೆಯಲ್ಲಿಯೇ ಹೇಳಬೇಕು. ಎದುರಾಳಿಗಳು ಎಸೆಯುವ ಜಾಗದಿಂದ ಕನಿಷ್ಠ 2 ಮೀಟರ್ ದೂರ ನಿಲ್ಲಬೇಕು. ಮಕ್ಕಳು ಮೂಗಿನ ಮುಂದೆಯೇ ನಿಂತು ಕುಣಿಯುವುದು ನಿಯಮಕ್ಕೆ ವಿರುದ್ಧ.

ಕಿಕ್-ಆಫ್ ಕುರಿತು ಹೆಚ್ಚು ಹೇಳಬೇಕಾದುದಿಲ್ಲ. 2016ರಿಂದ ಈಚೆಗೆ ಚೆಂಡನ್ನು ಯಾವ ದಿಕ್ಕಿಗಾದರೂ ಒದೆಯಬಹುದು; ಅದಕ್ಕೆ ಮೊದಲು ಮುಂದಕ್ಕೇ ಒದೆಯಬೇಕಿತ್ತು. ಗೋಲ್ ಕಿಕ್‌ನಲ್ಲಿ 2019ರಲ್ಲಿ ಬಂದ ಬದಲಾವಣೆ ಎಳೆಯರಿಗೆ ಉಪಕಾರಿಯಾದುದು. ಹಿಂದೆ ಚೆಂಡು ಪೆನಾಲ್ಟಿ ಆವರಣವನ್ನು ದಾಟುವವರೆಗೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಸಣ್ಣ ಕಾಲಿನ ಗೋಲ್‌ಕೀಪರ್ ಶಕ್ತಿಮೀರಿ ಒದ್ದರೂ ಚೆಂಡು ಆವರಣದ ಅಂಚಿನಲ್ಲಿ ಕಾದುನಿಂತ ಎದುರಾಳಿಯ ಕಾಲಿಗೇ ಹೋಗಿ ಬೀಳುತ್ತಿತ್ತು. ಈಗ ಒದೆದ ಚೆಂಡು ಸ್ಪಷ್ಟವಾಗಿ ಚಲಿಸಿದರೆ ಸಾಕು. ಆವರಣದೊಳಗೇ ನಿಂತ ಜೊತೆಗಾರ ಅದನ್ನು ಪಡೆಯಬಹುದು. ಎದುರಾಳಿಗಳು ಅಲ್ಲಿಯವರೆಗೆ ಆವರಣದ ಹೊರಗಿರಬೇಕು. ಹೊಸ ನಿಯಮ ತಿಳಿಯದೆ ಇಂದಿಗೂ "ದೂರ ಒದೆ, ದೂರ ಒದೆ" ಎಂದು ಕೂಗುವ ಹಿರಿಯರು ಎಲ್ಲ ಮೈದಾನಗಳಲ್ಲಿಯೂ ಇದ್ದಾರೆ.

ಇನ್ನು ಕಾರ್ನರ್ ಕಿಕ್. ರಕ್ಷಣೆಯ ತಂಡದವರು ಕೊನೆಯಲ್ಲಿ ಮುಟ್ಟಿದ ಚೆಂಡು ಗೋಲಾಗದೆ ಗೋಲು ಗೆರೆಯನ್ನು ದಾಟಿದರೆ ಮೂಲೆಯ ಧ್ವಜದ ಬಳಿಯಿಂದ ಒದೆಯುವ ಅವಕಾಶ ಎದುರು ತಂಡಕ್ಕೆ ಸಿಗುತ್ತದೆ. ಕಾರ್ನರ್ ಕಿಕ್‌ಗೆ ಕಾರಣವಾಗುವ ಮತ್ತೊಂದು ತಪ್ಪು 2025ರಲ್ಲಿ ಸೇರಿಕೊಂಡಿತು: ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ 8 ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿದಿಟ್ಟುಕೊಂಡರೆ ಎದುರಾಳಿಗಳಿಗೆ ಕಾರ್ನರ್ ದೊರೆಯುತ್ತದೆ. ಕಾರ್ನರ್‌ನಿಂದ ನೇರವಾಗಿ ಗೋಲು ಗಳಿಸಬಹುದೆಂಬ ನಿಯಮ 1924ರಲ್ಲಿ ಜಾರಿಗೆ ಬಂದಿತು. ಅದೇ ವರ್ಷದ ಅಕ್ಟೋಬರ್ 2ರಂದು ಅರ್ಜೆಂಟೀನಾದ ಸೆಸಾರಿಯೊ ಒನ್ಸಾರಿ, ಒಲಿಂಪಿಕ್ ವಿಜೇತ ಉರುಗ್ವೆ ತಂಡದ ವಿರುದ್ಧ ಹಾಗೆ ಗೋಲು ಹೊಡೆದ. ದಕ್ಷಿಣ ಅಮೆರಿಕದಲ್ಲಿ ಇಂಥ ಗೋಲಿಗೆ ಇಂದಿಗೂ "ಒಲಿಂಪಿಕ್ ಗೋಲು" ಎಂದೇ ಹೆಸರು.

ಆದರೆ ಎಳೆಯರು ಕಲಿಯಬೇಕಾದ ಕಾರ್ನರ್ ಒನ್ಸಾರಿಯದಲ್ಲ, ಲಿವರ್‌ಪೂಲ್‌ನದು. 2019ರ ಮೇ 7ರಂದು ಯುರೋಪಿನ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡನೆಯ ಪಂದ್ಯದಲ್ಲಿ ಲಿವರ್‌ಪೂಲ್ ಮತ್ತು ಬಾರ್ಸಿಲೋನಾ ಎದುರಾದವು. ಮೊದಲ ಪಂದ್ಯವನ್ನು ಬಾರ್ಸಿಲೋನಾ 3-0ರಿಂದ ಗೆದ್ದಿತ್ತು. ಲಿವರ್‌ಪೂಲ್ ಮೂರು ಗೋಲು ಹೊಡೆದು ಲೆಕ್ಕ ಸರಿಗಟ್ಟಿತ್ತು. 79ನೆಯ ನಿಮಿಷದಲ್ಲಿ ಕಾರ್ನರ್ ಬಂದಿತು. ಚೆಂಡು ಎತ್ತಿಕೊಡುವ ಬಾಲಕ ಕ್ಷಣವೂ ತಡಮಾಡದೆ ಚೆಂಡನ್ನು ಒದಗಿಸಿದ. ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್ ಚೆಂಡನ್ನಿಟ್ಟು ಬೇರೊಬ್ಬರಿಗೆ ಬಿಟ್ಟುಕೊಡುವಂತೆ ಎರಡು ಹೆಜ್ಜೆ ಆಚೆ ನಡೆದು, ಎದುರಾಳಿಗಳ ಕಣ್ಣು ಚೆಂಡಿನ ಮೇಲಿಲ್ಲದುದನ್ನು ಗಮನಿಸಿ, ಥಟ್ಟನೆ ತಿರುಗಿ ಒದ್ದ. ಡಿವಾಕ್ ಒರಿಗಿ ಅದನ್ನು ಗೋಲಿಗೆ ಸೇರಿಸಿದ. ಬಾರ್ಸಿಲೋನಾದ ರಕ್ಷಣೆಗಾರರು ಜಗತ್ತಿನ ಅತ್ಯುತ್ತಮ ಆಟಗಾರರಲ್ಲಿ ಸೇರಿದವರು. ಭಾನುವಾರ ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತಿದ್ದ ಹುಡುಗನಿಗೂ ಅವರಿಗೂ ಆ ಕ್ಷಣದಲ್ಲಿ ವ್ಯತ್ಯಾಸವಿರಲಿಲ್ಲ. ಎರಡು ಪಂದ್ಯಗಳ ಒಟ್ಟು ಲೆಕ್ಕದಲ್ಲಿ 4-3ರಿಂದ ಗೆದ್ದ ಲಿವರ್‌ಪೂಲ್ ಫೈನಲ್ ತಲುಪಿತು.

ದೂರದರ್ಶನದಲ್ಲಿ ದೊಡ್ಡವರ ಕಾರ್ನರ್ ನೋಡಿದ ಮಕ್ಕಳು ಗೋಲಿನ ಮುಂದೆ ಗುಂಪುಗೂಡಿ ತಲೆಯಿಂದ ಹೊಡೆಯಲು ಹಾರುತ್ತಾರೆ. ಇಲ್ಲಿ ಪಾಲಕರು ಎಚ್ಚರ ವಹಿಸಬೇಕು. ಬೆಳೆಯುವ ಮಕ್ಕಳ ತಲೆಗೆ ಚೆಂಡು ಪದೇ ಪದೇ ಬಡಿಯುವುದು ಹಿತವಲ್ಲವೆಂಬ ಕಾಳಜಿಯಿಂದ ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲಿ 10 ವರ್ಷ ಮತ್ತು ಅದಕ್ಕಿಂತ ಕಿರಿಯರಿಗೆ ತಲೆಹೊಡೆತವನ್ನು ನಿಷೇಧಿಸಿತು. ಇಂಗ್ಲೆಂಡಿನಲ್ಲಿ 2020ರಲ್ಲಿ ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳ ತರಬೇತಿಯಿಂದ ಅದನ್ನು ಕೈಬಿಡುವಂತೆ ಮಾರ್ಗಸೂಚಿ ಹೊರಟಿತು. ಇದರ ಜೊತೆಗೆ, ಗುಂಪಿನಲ್ಲಿ ಹಾರುವಾಗ ಚೆಂಡಿಗಿಂತ ಹೆಚ್ಚಾಗಿ ತಲೆಗೆ ತಲೆ ತಾಗುವುದು, ಮೊಣಕೈ ಮುಖಕ್ಕೆ ಬಡಿಯುವುದು ನಡೆಯುತ್ತದೆ. ಹನ್ನೆರಡರೊಳಗಿನ ಮಕ್ಕಳಿಗೆ ಕಾರ್ನರ್ ಎಂದರೆ ಚೆಂಡನ್ನು ಎತ್ತರಕ್ಕೆ ಹಾರಿಸುವುದೆಂದು ಕಲಿಸುವ ಅಗತ್ಯವೇ ಇಲ್ಲ. ಮೂಲೆಯ ಹತ್ತಿರ ನಿಂತ ಜೊತೆಗಾರನಿಗೆ ನೆಲದ ಮೇಲೆ ಉರುಳಿಸಿ, ಅವನು ಅದನ್ನು ಗೋಲಿನ ಎದುರಿಗೆ ತಳ್ಳುವ ಗಿಡ್ಡ ಕಾರ್ನರ್ ಅವರ ಕಾಲಿಗೂ ತಲೆಗೂ ಸೂಕ್ತವಾದುದು. ರಕ್ಷಣೆಯವರು ಒದೆತದ ವೇಳೆಗೆ ಮೂಲೆಯ ಕಮಾನಿನಿಂದ 9.15 ಮೀಟರ್ ದೂರವಿರಬೇಕಾದುದರಿಂದ ಇಬ್ಬರಿಗೆ ಆಲೋಚಿಸಲು ಜಾಗ ಸಿಗುತ್ತದೆ. ಮಕ್ಕಳ ಸಣ್ಣ ಮೈದಾನಗಳಲ್ಲಿ ಈ ದೂರ ಕಡಿಮೆಯಾಗಿರುವುದುಂಟು. ಪಂದ್ಯಕ್ಕೆ ಮೊದಲು ರೆಫರಿಯನ್ನು ಕೇಳಿ ತಿಳಿದುಕೊಳ್ಳಬೇಕು.

ರಕ್ಷಣೆಯ ಕಡೆ ಮಕ್ಕಳಿಗೆ ಒಂದೇ ಮಾತು ಹೇಳಿಕೊಟ್ಟರೆ ಸಾಕು. ಚೆಂಡನ್ನು ಮಾತ್ರ ನೋಡುವವನು ಬೆನ್ನ ಹಿಂದೆ ಬಂದವನನ್ನು ಕಾಣುವುದಿಲ್ಲ. ಆದ್ದರಿಂದ ಚೆಂಡೂ ತಾನು ಕಾಯಬೇಕಾದ ಎದುರಾಳಿಯೂ ಏಕಕಾಲಕ್ಕೆ ಕಣ್ಣಿಗೆ ಬೀಳುವಂತೆ ಮೈಯನ್ನು ಓರೆಯಾಗಿಸಿ ನಿಲ್ಲಬೇಕು.

ಫ್ರೀ ಕಿಕ್ ಸ್ವಲ್ಪ ಜಟಿಲವಾದುದು. ಎದುರಾಳಿಯನ್ನು ಒದೆಯುವುದು, ಎಡವಿಸುವುದು, ತಳ್ಳುವುದು, ಹಿಡಿದೆಳೆಯುವುದು, ಚೆಂಡನ್ನು ಅಕ್ರಮವಾಗಿ ಕೈಯಿಂದ ಮುಟ್ಟುವುದು ಮುಂತಾದ ತಪ್ಪುಗಳಿಗೆ ನೇರ ಫ್ರೀ ಕಿಕ್. ಅದರಿಂದ ಸೀದಾ ಗೋಲು ಹೊಡೆಯಬಹುದು. ಮೈ ತಾಗದಂತೆಯೇ ಅಪಾಯಕರವಾಗಿ ಆಡುವುದು, ಜೊತೆಗಾರ ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕಳಿಸಿದ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಹಿಡಿಯುವುದು ಮುಂತಾದ ತಪ್ಪುಗಳಿಗೆ ಪರೋಕ್ಷ ಫ್ರೀ ಕಿಕ್. ಇದರಲ್ಲಿ ಒದೆದವನಲ್ಲದೆ ಇನ್ನೊಬ್ಬ ಆಟಗಾರ ಮುಟ್ಟಿದ ಮೇಲೆಯೇ ಗೋಲು ಸಿಂಧು. ಇವೆರಡನ್ನೂ ಗುರುತಿಸುವ ದಾರಿ ಸುಲಭ. ರೆಫರಿ ಒಂದು ಕೈಯನ್ನು ತಲೆಯ ಮೇಲಕ್ಕೆ ನೇರವಾಗಿ ಎತ್ತಿ ಹಿಡಿದಿದ್ದರೆ ಅದು ಪರೋಕ್ಷ. ಎತ್ತಿದ ಕೈಯನ್ನು ನೋಡುವ ಅಭ್ಯಾಸ ಇಲ್ಲದ ಕಾರಣ ಮಕ್ಕಳು ಪರೋಕ್ಷ ಫ್ರೀ ಕಿಕ್ ಅನ್ನು ಸುಂದರವಾಗಿ ಗೋಲಿಗೆ ಹೊಡೆದು, ಕುಣಿದಾಡಿ, ಆಮೇಲೆ ಅದು ಗೋಲಲ್ಲವೆಂದು ತಿಳಿದು ಕಣ್ಣೀರು ಹಾಕುವುದುಂಟು. ಎದುರು ತಂಡಕ್ಕೆ ಆಗ ಸಿಗುವುದು ಗೋಲ್ ಕಿಕ್.

ಫ್ರೀ ಕಿಕ್ ತಡೆಯಲು ರಕ್ಷಣೆಗಾರರು ಸಾಲಾಗಿ ನಿಲ್ಲುವುದಕ್ಕೆ ಗೋಡೆ ಎಂದು ಹೆಸರು. ಗೋಡೆ ಗೋಲಿನ ಒಂದು ಭಾಗವನ್ನು ಮುಚ್ಚುತ್ತದೆ, ಗೋಲ್‌ಕೀಪರ್ ಉಳಿದ ಭಾಗವನ್ನು ನೋಡಿಕೊಳ್ಳುತ್ತಾನೆ. ಮೂವರು ಅಥವಾ ಹೆಚ್ಚು ಜನರ ಗೋಡೆಯಿದ್ದರೆ ದಾಳಿಯ ತಂಡದವರು ಅದರಿಂದ ಕನಿಷ್ಠ 1 ಮೀಟರ್ ದೂರವಿರಬೇಕೆಂಬ ನಿಯಮವೂ 2019ರಲ್ಲಿ ಬಂದಿತು. ಗೋಡೆಯನ್ನು ಬಳಸಿ ಚೆಂಡನ್ನು ಬಾಗಿಸುವ ವಿದ್ಯೆಯಲ್ಲಿ ಬ್ರೆಜಿಲ್‌ನ ರಾಬರ್ಟೊ ಕಾರ್ಲೋಸ್ 1997ರ ಜೂನ್ 3ರಂದು ಫ್ರಾನ್ಸ್ ವಿರುದ್ಧ ಲಿಯೋನ್‌ನಲ್ಲಿ ಸುಮಾರು 35 ಮೀಟರ್ ದೂರದಿಂದ ಹೊಡೆದ ಗೋಲು ಹೆಸರಾದುದು. ಸುತ್ತುತ್ತಾ ಸಾಗುವ ಚೆಂಡಿನ ಒಂದು ಬದಿಯಲ್ಲಿ ಗಾಳಿ ವೇಗವಾಗಿಯೂ ಇನ್ನೊಂದು ಬದಿಯಲ್ಲಿ ನಿಧಾನವಾಗಿಯೂ ಹರಿಯುವುದರಿಂದ ಚೆಂಡು ವೇಗದ ಬದಿಯತ್ತ ಸರಿಯುತ್ತದೆ. ಹತ್ತು ವರ್ಷದ ಮಗು ಇದನ್ನು ಪ್ರಯತ್ನಿಸಿ ನಗುವುದರಲ್ಲಿ ತಪ್ಪಿಲ್ಲ, ಪಂದ್ಯದಲ್ಲಿ ನೆಚ್ಚಿಕೊಳ್ಳಬಾರದು ಅಷ್ಟೆ. ಖಾಲಿ ನಿಂತ ಜೊತೆಗಾರನಿಗೆ ಚೆಂಡನ್ನು ದಾಟಿಸುವುದೇ ಎಳೆಯರ ಅತ್ಯುತ್ತಮ ಫ್ರೀ ಕಿಕ್.

ಗೋಡೆ ಕಟ್ಟುವುದು ರಕ್ಷಣೆಯವರ ಹಕ್ಕೆಂದು ಬಹು ಜನ ಭಾವಿಸಿದ್ದಾರೆ. ಅದು ಹಕ್ಕಲ್ಲ. ತಪ್ಪು ಮಾಡಿದ ತಂಡ ತಾನಾಗಿಯೇ 9.15 ಮೀಟರ್ ಹಿಂದೆ ಸರಿಯಬೇಕು. ಅದು ಸರಿಯುವುದಕ್ಕೆ ಮೊದಲೇ ಚೆಂಡನ್ನು ಬೇಗನೆ ಒದೆಯಲು ಎದುರು ತಂಡಕ್ಕೆ ಸ್ವಾತಂತ್ರ್ಯವಿದೆ. ದೂರ ಅಳೆಯಬೇಕೆಂದು ಕೇಳಿದಾಗ, ಅಥವಾ ರೆಫರಿ ಎಚ್ಚರಿಕೆಯ ಚೀಟಿ ತೋರಿಸಲೆಂದೋ ಮತ್ತಾವುದಕ್ಕೋ ಆಟವನ್ನು ತಡೆದು "ಸೀಟಿಗೆ ಕಾಯಿರಿ" ಎಂದು ಸೂಚಿಸಿದಾಗ ಮಾತ್ರ ಸೀಟಿಯ ಸದ್ದಿಗೆ ಕಾಯಬೇಕು.

ಈ ವ್ಯತ್ಯಾಸ ಎಷ್ಟು ದುಬಾರಿಯಾಗಬಲ್ಲದೆಂಬುದನ್ನು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ 2023ರ ಮಾರ್ಚ್ 3ರಂದು ಕಂಡಿತು. ಇಂಡಿಯನ್ ಸೂಪರ್ ಲೀಗ್‌ನ ನಾಕ್‌ಔಟ್ ಪಂದ್ಯದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ಎದುರಾಗಿದ್ದವು. 90 ನಿಮಿಷಗಳಲ್ಲಿ ಗೋಲು ಬರಲಿಲ್ಲ. ಹೆಚ್ಚುವರಿ ಅವಧಿಯಲ್ಲಿ, 96ನೆಯ ನಿಮಿಷದಲ್ಲಿ, ಬೆಂಗಳೂರಿಗೆ ಫ್ರೀ ಕಿಕ್ ದೊರೆಯಿತು. ಕೇರಳದ ಗೋಲ್‌ಕೀಪರ್ ಮುಂದೆ ಬಂದು ಗೋಡೆಯನ್ನು ಸರಿಪಡಿಸುತ್ತಿದ್ದಾಗ ಸುನಿಲ್ ಚೆಟ್ರಿ ಚೆಂಡನ್ನು ಮೆಲ್ಲನೆ ಎತ್ತಿ ಬರಿದಾದ ಗೋಲಿಗೆ ಸೇರಿಸಿದರು. ರೆಫರಿ ಗೋಲೆಂದು ಸಾರಿದರು. ತಮ್ಮ ಆಟಗಾರರು ಸಿದ್ಧರಿರಲಿಲ್ಲವೆಂದು ಪ್ರತಿಭಟಿಸಿದ ಕೇರಳ ತಂಡ ಮೈದಾನ ಬಿಟ್ಟು ಹೊರನಡೆಯಿತು. ಕಾದು ನೋಡಿದ ಬಳಿಕ ಪಂದ್ಯವನ್ನು ಬೆಂಗಳೂರಿಗೆ 1-0ರಿಂದ ನೀಡಲಾಯಿತು. ಮರುಪಂದ್ಯ ಬೇಕೆಂಬ ಕೇರಳದ ಕೋರಿಕೆಯನ್ನು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಶಿಸ್ತು ಸಮಿತಿ ತಳ್ಳಿಹಾಕಿತು. ಮೈದಾನ ಬಿಟ್ಟುದಕ್ಕಾಗಿ ತಂಡಕ್ಕೆ 4 ಕೋಟಿ ರೂಪಾಯಿ ದಂಡವನ್ನೂ, ತರಬೇತುದಾರರಿಗೆ 10 ಪಂದ್ಯಗಳ ನಿಷೇಧವನ್ನೂ ವಿಧಿಸಲಾಯಿತು. ರೆಫರಿಯ ತೀರ್ಮಾನದ ಬಗೆಗೆ ಕೊಚ್ಚಿಯಲ್ಲಿಯೂ ಬೆಂಗಳೂರಿನಲ್ಲಿಯೂ ಜನ ಇಂದಿಗೂ ಒಮ್ಮತಕ್ಕೆ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ಗೋಡೆ ಕಟ್ಟುವಾಗ ಒಬ್ಬ ಆಟಗಾರ ಚೆಂಡಿನ ಮುಂದೆ ನಿಂತು ಅದರ ಮೇಲೆ ಕಣ್ಣಿಟ್ಟಿರಬೇಕೆಂಬ ವಿಷಯದಲ್ಲಿ ಮಾತ್ರ ಎರಡೂ ಊರಿನ ತರಬೇತುದಾರರಿಗೆ ಭಿನ್ನಾಭಿಪ್ರಾಯವಿರಲಾರದು.

ಪೆನಾಲ್ಟಿ ಕಿಕ್ ನಿಯಮಗಳಿಗೆ ಸೇರಿದ್ದು 1891ರಲ್ಲಿ. ಅದನ್ನು ಸೂಚಿಸಿದವನು ಐರ್ಲೆಂಡಿನ ವಿಲಿಯಂ ಮೆಕ್ರಮ್. ಸ್ವತಃ ಗೋಲ್‌ಕೀಪರ್ ಆಗಿದ್ದವನು! ನೇರ ಫ್ರೀ ಕಿಕ್‌ಗೆ ಅರ್ಹವಾದ ತಪ್ಪನ್ನು ತನ್ನದೇ ಪೆನಾಲ್ಟಿ ಆವರಣದೊಳಗೆ ಮಾಡಿದರೆ ಎದುರು ತಂಡಕ್ಕೆ 11 ಮೀಟರ್ ದೂರದಿಂದ, ಗೋಲ್‌ಕೀಪರ್ ಒಬ್ಬನನ್ನೇ ಎದುರಿಸಿ ಒದೆಯುವ ಅವಕಾಶ ದೊರೆಯುತ್ತದೆ. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಒದೆಯುವ ಗಳಿಗೆಯಲ್ಲಿ ಗೋಲ್‌ಕೀಪರ್‌ನ ಒಂದು ಪಾದದ ಭಾಗವಾದರೂ ಗೋಲು ಗೆರೆಯ ಮೇಲೆ, ಅದರ ನೇರಕ್ಕೆ ಅಥವಾ ಅದರ ಹಿಂದೆ ಇರಬೇಕು. ಉಳಿದವರೆಲ್ಲ ಆವರಣದ ಹೊರಗೆ, ಚೆಂಡಿಗಿಂತ ಹಿಂದೆ, 9.15 ಮೀಟರ್ ದೂರ.

ಹೊರಗೆ ನಿಂತ ಈ "ಉಳಿದವರು" ಪೆನಾಲ್ಟಿಯಲ್ಲಿ ತಮಗೇನೂ ಕೆಲಸವಿಲ್ಲವೆಂದು ತಿಳಿಯುತ್ತಾರೆ. ಗೋಲ್‌ಕೀಪರ್ ತಡೆದು ಹಿಂದಕ್ಕೆ ಬಂದ ಚೆಂಡು ಆಟದಲ್ಲಿಯೇ ಇರುತ್ತದೆ. ಒದೆದವನೂ ಸೇರಿ ಯಾರಾದರೂ ಅದನ್ನು ಮತ್ತೆ ಗೋಲಿಗೆ ಸೇರಿಸಬಹುದು. ಆದರೆ ಚೆಂಡು ಯಾರನ್ನೂ ತಾಗದೆ ಕಂಬಕ್ಕೆ ಬಡಿದು ಹಿಂದಿರುಗಿದರೆ ಒದೆದವನು ಅದನ್ನು ಮುಟ್ಟುವಂತಿಲ್ಲ, ಜೊತೆಗಾರರು ಮುಟ್ಟಬಹುದು. ಪಂದ್ಯ ಸಮವಾದಾಗ ಗೆಲುವನ್ನು ನಿರ್ಧರಿಸಲು ನಡೆಸುವ ಪೆನಾಲ್ಟಿಗಳಲ್ಲಿ ಮಾತ್ರ ಹೀಗೆ ಎರಡನೆಯ ಅವಕಾಶವಿಲ್ಲ.

ಪೆನಾಲ್ಟಿ ಎಂದರೆ ಗೋಲೇ ಎಂಬ ಭಾವನೆ ಜನರಲ್ಲಿದೆ. 2018ರ ವಿಶ್ವಕಪ್‌ನ ಆಟದ ಅವಧಿಯಲ್ಲಿ ದೊರೆತ 29 ಪೆನಾಲ್ಟಿಗಳಲ್ಲಿ ಗೋಲಾದುವು 22. ವಿಶ್ವದ ಆಯ್ದ ಆಟಗಾರರೇ 7 ಬಾರಿ ತಪ್ಪಿದರು. ಮಗು ತಪ್ಪಿದಾಗ ಗೆರೆಯಾಚೆ ತಲೆ ಹಿಡಿದುಕೊಳ್ಳುವ ಹಿರಿಯರಿಗೆ ಭಾರತದ್ದೇ ಒಂದು ಕಥೆಯಿದೆ.

1948ರ ಜುಲೈ 31. ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ ದಿನ. ಲಂಡನ್ನಿನ ಪೂರ್ವಕ್ಕಿರುವ ಇಲ್‌ಫರ್ಡ್‌ನ ಮೈದಾನ, ಎದುರಾಳಿ ಫ್ರಾನ್ಸ್. ನಾಯಕ ನಾಗಾ ನಾಡಿನ ತಾಲಿಮೆರೆನ್ ಆವೊ. ಭಾರತದ ಹೆಚ್ಚಿನ ಆಟಗಾರರು ಬೂಟಿಲ್ಲದೆ ಬರಿಗಾಲಿನಲ್ಲಿ ಆಡಿದರು. ಫ್ರಾನ್ಸ್ ಮೊದಲ ಗೋಲು ಹೊಡೆಯಿತು. ಎರಡನೆಯ ಅವಧಿಯಲ್ಲಿ ಸಾರಂಗಪಾಣಿ ರಾಮನ್ ಅದನ್ನು ಸರಿಗಟ್ಟಿದರು. ಸ್ವಾತಂತ್ರ್ಯಾನಂತರ ಭಾರತದ ಪರವಾಗಿ ಒಲಿಂಪಿಕ್ಸ್‌ನಲ್ಲಿ ಗೋಲು ಗಳಿಸಿದ ಮೊದಲಿಗರು ಅವರು. ಬೆಂಗಳೂರಿನ ಮೈದಾನಗಳಲ್ಲಿ ಬೆಳೆದವರು. ಅಂದಿನ ಬೆಂಗಳೂರಿನ ಫುಟ್‌ಬಾಲ್ ಸಾಮಾನ್ಯವಾದುದಲ್ಲ. ಮುಂಬಯಿಯ ಕೂಪರೇಜ್ ಮೈದಾನವನ್ನು ಬಲ್ಲ ಹಿರಿಯ ಕನ್ನಡಿಗರಿಗೆ, ಅಲ್ಲಿನ ಪ್ರತಿಷ್ಠಿತ ರೋವರ್ಸ್ ಕಪ್ ಅನ್ನು 1937 ಮತ್ತು 1938ರಲ್ಲಿ ಗೆದ್ದುದು ಬೆಂಗಳೂರು ಮುಸ್ಲಿಮ್ಸ್ ತಂಡವೆಂಬುದು ನೆನಪಿದ್ದೀತು.

ಆ ಪಂದ್ಯದಲ್ಲಿ ಭಾರತಕ್ಕೆ ಒಂದಲ್ಲ, ಎರಡು ಪೆನಾಲ್ಟಿಗಳು ದೊರೆತಿದ್ದವು. ಒಂದನ್ನು ಶೈಲೇನ್ ಮನ್ನಾ, ಇನ್ನೊಂದನ್ನು ಮಹಾಬೀರ್ ಪ್ರಸಾದ್ ಒದ್ದರು. ಎರಡೂ ಗೋಲಾಗಲಿಲ್ಲ. ಪಂದ್ಯ ಮುಗಿಯಲು ಒಂದೆರಡು ನಿಮಿಷಗಳಿರುವಾಗ ಫ್ರಾನ್ಸ್ ಎರಡನೆಯ ಗೋಲು ಹೊಡೆದು 2-1ರಿಂದ ಗೆದ್ದಿತು. ಬರಿಗಾಲಿನ ತಂಡವೊಂದು ಯುರೋಪಿನ ಬಲಿಷ್ಠ ರಾಷ್ಟ್ರವನ್ನು ಮಣಿಸುವ ಅವಕಾಶ 11 ಮೀಟರ್ ದೂರದಲ್ಲಿ ಎರಡು ಬಾರಿ ಕೈತಪ್ಪಿತು.

ಆ ಸೋಲಿಗೆ ಮನ್ನಾ ಒಬ್ಬರನ್ನೇ ಹೊಣೆ ಮಾಡಿ ತಂಡದಿಂದ ಹೊರಹಾಕಿದ್ದರೆ ಮುಂದಿನ ಕಥೆ ಬೇರೆಯಾಗುತ್ತಿತ್ತು. ಹಾಗಾಗಲಿಲ್ಲ. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ತಂಡದ ನಾಯಕರಾಗಿದ್ದವರು ಅದೇ ಶೈಲೇನ್ ಮನ್ನಾ. ಫೈನಲ್‌ನಲ್ಲಿ ಇರಾನನ್ನು 1-0ರಿಂದ ಸೋಲಿಸಿ ಭಾರತ ಸ್ವರ್ಣ ಪದಕ ಪಡೆಯಿತು. ಮರುವರ್ಷದ ಒಲಿಂಪಿಕ್ಸ್‌ಗೂ ಅವರೇ ನಾಯಕರಾದರು. 1971ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಮಕ್ಕಳ ತಂಡಗಳಲ್ಲಿ ಪೆನಾಲ್ಟಿ ಯಾವಾಗಲೂ ಒಬ್ಬನೇ "ಗಟ್ಟಿ" ಹುಡುಗನ ಪಾಲಾಗುತ್ತದೆ. ಒಂದು ಬಾರಿ ತಪ್ಪಿದವರಿಗೆ ಆ ಋತುವಿನಲ್ಲಿ ಮತ್ತೆ ಚೆಂಡು ಸಿಗುವುದಿಲ್ಲ. ಈ ಪದ್ಧತಿಯನ್ನು ತರಬೇತುದಾರರು ಬಿಡುವುದು ಒಳ್ಳೆಯದು. ವಾರದ ಅಭ್ಯಾಸದ ಕೊನೆಗೆ, ಮಳೆಯಿದ್ದರೂ ಸರಿಯೇ, ಗೋಲ್‌ಕೀಪರೂ ಸೇರಿ ಪ್ರತಿಯೊಂದು ಮಗುವೂ ಒಂದೊಂದು ಪೆನಾಲ್ಟಿ ಒದೆಯಲಿ. ಯಾವ ಮೂಲೆಗೆ ಒದೆಯಬೇಕೆಂಬುದನ್ನು ಓಡುವುದಕ್ಕೆ ಮೊದಲೇ ನಿರ್ಧರಿಸಿ, ಆಮೇಲೆ ಬದಲಾಯಿಸದಿರಲಿ. ಪಾದದ ಒಳಬದಿಯಿಂದ, ನೆಲಕ್ಕೆ ಹತ್ತಿರವಾಗಿ, ಕಂಬದ ಬಳಿಗೆ. ಮಿಕ್ಕ ಮಕ್ಕಳು ಆವರಣದ ಗೆರೆಯಾಚೆ ಸಾಲಾಗಿ ನಿಂತಿರಲಿ. ಒದೆತದ ಸದ್ದು ಕೇಳಿದೊಡನೆ, ಗೋಲಾಗಲಿ ಆಗದಿರಲಿ, ಎಲ್ಲರೂ ಹಿಂದೆ ಬರಬಹುದಾದ ಚೆಂಡಿಗಾಗಿ ಒಳಗೆ ಓಡಬೇಕು.